ಹದಿನೆಂಟನೇ ತಾರೀಖಿನ ಚೆಕ್ಕು

"ಕ್ಷಮಿಸಿ ಮೇಡಂ, ನಿಮ್ಮ ಸಾಲದ ಅರ್ಜಿ ಪಾಸಾಗಿಲ್ಲ."

ಎರಡು ವರ್ಷ, ತಿಂಗಳಿಗೊಂದು ಸಲ, ಬರೀ ಕಣ್ಣಲ್ಲೇ ಮಾತಾಡಿದ್ದ ಗಂಡಸು ಬಾಯಿಬಿಟ್ಟು ಅವಳಿಗೆ ಹೇಳಿದ ಮೊಟ್ಟಮೊದಲ ಮಾತು ಇದು. ಇದಕ್ಕಿಂತ ಕೆಟ್ಟ ಮೊದಲ ಮಾತನ್ನು ಭೂಮಿಯ ಮೇಲೆ ಯಾರಾದರೂ ಆಡಿದ್ದರೆ ಅವನನ್ನು ನನ್ನ ಮುಂದೆ ತಂದು ನಿಲ್ಲಿಸಿ. ನಾನು ಕಥೆ ಹೇಳುವುದನ್ನೇ ಬಿಟ್ಟುಬಿಡುತ್ತೇನೆ.

ಬ್ಯಾಂಕಿನಲ್ಲಿ ಎಂಥ ಮೌನ ಕವಿಯಿತೆಂದರೆ, ನೋಟೆಣಿಸುವ ಯಂತ್ರವೂ ಉಸಿರು ಬಿಗಿಹಿಡಿಯಿತು. ಯಂತ್ರದಲ್ಲಿ ನೋಟು ಮುಗಿದಿತ್ತು, ಅದು ಬೇರೆ ವಿಷಯ.

ಅವಳು ಎದುರು ಬೀದಿಯ ಲಾಂಡ್ರಿಯಲ್ಲಿ ಹನ್ನೆರಡು ವರ್ಷದಿಂದ ಇಸ್ತ್ರಿ ಮಾಡುವವಳು. ಅವಳು ಇಸ್ತ್ರಿ ಮಾಡಿದ ಕಾಲರಿನಲ್ಲಿ ತರಕಾರಿ ಹೆಚ್ಚಬಹುದು. ನಂಬಿಕೆ ಇಲ್ಲದವರು ಬೆರಳಿಟ್ಟು ನೋಡಿಕೊಳ್ಳಲಿ.

ಲಾಂಡ್ರಿಯ ಯಜಮಾನರಿಗೆ ಮಂಡಿನೋವು. ಅಂಗಡಿ ಮಾರಿ ಮಗಳ ಮನೆಗೆ ಹೊರಟಿದ್ದರು. ಅವಳು ಕೊಂಡರೆ ಲಾಂಡ್ರಿ ಉಳಿಯುತ್ತದೆ. ಇಲ್ಲದಿದ್ದರೆ ಮೊಬೈಲ್ ಅಂಗಡಿಯವನೊಬ್ಬ ಬಾಯ್ಲರನ್ನು ಕಿತ್ತು ಗುಜರಿಗೆ ಹಾಕಿ, ಅಲ್ಲಿ ಗಾಜಿನ ಕಪಾಟು ನಿಲ್ಲಿಸುತ್ತಾನೆ. ಅವಳ ಹನ್ನೆರಡು ವರ್ಷವೂ ಆ ಬಾಯ್ಲರಿನ ಜೊತೆಗೇ ಹೋಗುತ್ತದೆ.

"ಯಾಕೆ ಸಾರ್ ಪಾಸಾಗಿಲ್ಲ?" ಎಂದಳು.

"ಕ್ರೆಡಿಟ್ ಸ್ಕೋರ್ ತುಂಬಾ ಕಡಿಮೆ ಇದೆ. ನಿಮ್ಮ ಕ್ರೆಡಿಟ್ ಕಾರ್ಡಿನ ಬಿಲ್ಲು ಇಪ್ಪತ್ತನಾಲ್ಕು ತಿಂಗಳಲ್ಲಿ ಇಪ್ಪತ್ತನಾಲ್ಕು ಸಲ ತಡವಾಗಿದೆ."

"ತಡಾನಾ? ಕೊನೇ ದಿನ ಹದಿನೆಂಟು. ಹದಿನೆಂಟಕ್ಕೇ ಈ ಪೆಟ್ಟಿಗೇಲಿ ಚೆಕ್ಕು ಹಾಕ್ತೀನಿ. ನೀವೇ ಇಲ್ಲಿ ಕೂತು ನೋಡ್ತಿರ್ತೀರಲ್ಲ."

ಅವನು ತಲೆ ತಗ್ಗಿಸಿದ. "ಪೆಟ್ಟಿಗೆ ತೆಗೆಯೋದು ಮಾರನೇ ದಿನ. ದುಡ್ಡು ಕಾರ್ಡಿನ ಖಾತೆಗೆ ಸೇರೋದು ಇಪ್ಪತ್ತೊಂದಕ್ಕೆ. ಚೆಕ್ಕು ಹಾಕಿದ ದಿನ ಲೆಕ್ಕಕ್ಕೆ ಬರಲ್ಲ. ದುಡ್ಡು ಸೇರಿದ ದಿನಾನೇ ಲೆಕ್ಕ."

"ಒಂದು ಸಲಾನೂ ದಂಡ ಬಿದ್ದಿಲ್ಲ..."

"ಮೂರು ದಿನದ ತನಕ ದಂಡ ಹಾಕಲ್ಲ. ಆದ್ರೆ ತಡ ಅಂತ ದಾಖಲೆಗೆ ಹೋಗುತ್ತೆ. ಸ್ಕೋರ್ ಮಾಡೋರು ನೋಡೋದು ಅದನ್ನೇ." ಫೈಲು ತೆರೆದು ಕೇಳಿದ. "ಮೊದಲೇ ಯಾಕೆ ಕಟ್ಟಲಿಲ್ಲ? ಕೈಯಲ್ಲಿ ದುಡ್ಡಿರಲಿಲ್ವಾ?"

ದುಡ್ಡು ತಿಂಗಳ ಮೊದಲ ವಾರದಲ್ಲೇ ಇರುತ್ತಿತ್ತು. ಆದರೆ ಈ ಸಾಲದ ಅಧಿಕಾರಿ ದಿನಕ್ಕೊಂದು ಶಾಖೆ ಸುತ್ತುವವನು. ಚೆಕ್ಕಿನ ಪೆಟ್ಟಿಗೆಯ ಪಕ್ಕದ ಈ ಕುರ್ಚಿಯಲ್ಲಿ ಅವನು ಕೂರುವುದು ತಿಂಗಳಿಗೆ ಒಂದೇ ದಿನ. ಹದಿನೆಂಟಕ್ಕೆ.

'ನಿಮ್ಮ ಮುಖ ನೋಡೋಕೆ ಕಾಯ್ತಿದ್ದೆ ಅಂತ ಹೇಗೆ ಹೇಳಲಿ...'

"ಮರೆವು," ಎಂದಳು.

ಅವನು ಫೈಲಿನಲ್ಲಿ ಹಾಗೆಯೇ ಬರೆದುಕೊಂಡ. ಆ ಒಂದು ಪದ ಬರೆಯಲು ಅವನಿಗೆ ಒಂದು ಯುಗ ಹಿಡಿಯಿತು. ಅವಳು ಹೊರಗೆ ಬಂದು ಬೀದಿ ದಾಟುವಷ್ಟರಲ್ಲಿ ಇನ್ನೊಂದು ಯುಗ.

ಸಂಜೆ ಮನೆಯಲ್ಲಿ, ಔಷಧಿ ಅಂಗಡಿಯಲ್ಲಿ ಬಿಲ್ಲು ಹಾಕುವ ತಂಗಿ ಚಪ್ಪಲಿ ಬಿಡುತ್ತಲೇ ಶುರುಮಾಡಿದಳು.

"ಫೋನಲ್ಲಿ ಕಟ್ಟು, ಒಂದು ಸಲ ಒತ್ತಿದ್ರೆ ಮುಗೀತು ಅಂತ ಬಡ್ಕೊಂಡೆ. ನೀನು ಫೋನ್ ಮೇಲೆ ನಂಬಿಕೆ ಇಲ್ಲ ಅಂದೆ. ಅದೇ ಫೋನಲ್ಲಿ ಮೂರು ಜೊತೆ ಚಪ್ಪಲಿ ತರಿಸಿದ್ದೀಯಲ್ಲ ಅಕ್ಕ, ಅದಕ್ಕೆ ನಂಬಿಕೆ ಎಲ್ಲಿಂದ ಬಂತು?"

"ಸುಮ್ನಿರೇ."

"ಹದಿನೆಂಟಕ್ಕೆ ಮಾತ್ರ ನಿನ್ನ ಬಟ್ಟೆಗೂ ಇಸ್ತ್ರಿ ಆಗುತ್ತೆ. ನಾನೇನು ಕುರುಡೀನಾ?"

ಅಕ್ಕ ಗೋಡೆ ಕಡೆ ತಿರುಗಿದಳು. "ಒಬ್ಬನ ಮುಖ ನೋಡೋಕೆ ಹೋಗಿ ಅಂಗಡಿ ಕಳ್ಕೊಂಡೆ ಕಣೇ. ಅವನ ಕಣ್ಣಿಗೀಗ ನಾನು ಬಿಲ್ಲು ಕಟ್ಟೋಕೂ ಬಾರದವಳು."

ತಂಗಿ ಎದ್ದು ಅಕ್ಕನಿಗೆ ಟೀ ಮಾಡಿಕೊಂಡು ಬಂದಳು. ಹುಟ್ಟಿದಾಗಿನಿಂದ ಅದೇ ಮೊದಲು.

ಮಾರನೇ ಬೆಳಿಗ್ಗೆ ಅವನು ಲಾಂಡ್ರಿಗೆ ಬಂದ. ಕೈಯಲ್ಲಿ ಬಟ್ಟೆ ಇರಲಿಲ್ಲ. ಯಜಮಾನರು ಒಳಗೆ ಬಾಯ್ಲರಿಗೆ ನೀರು ಬಿಡುತ್ತಿದ್ದರು. ಅವಳು ಯಾರದೋ ಬಿಳಿ ಷರ್ಟಿನ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆ ಓಡಿಸುತ್ತಿದ್ದಳು.

"ನನಗೆ ಗೊತ್ತಿತ್ತು," ಎಂದ.

"ಏನು?"

"ನಿಮ್ಮ ಚೆಕ್ಕು ತಡವಾಗ್ತಿರೋದು. ಮೂರನೇ ತಿಂಗಳಿಗೇ ಗೊತ್ತಾಯ್ತು. ಐದು ದಿನ ಮುಂಚೆ ಹಾಕಿ ಮೇಡಂ ಅಂತ ಒಂದು ಮಾತು ಹೇಳಬೇಕಿತ್ತು. ಹೇಳಿದ್ರೆ ನೀವು ಹದಿಮೂರಕ್ಕೆ ಬರ್ತಿದ್ರಿ. ಹದಿಮೂರಕ್ಕೆ ನಾನು ಬೇರೆ ಶಾಖೇಲಿ ಇರ್ತೀನಿ."

ಅವಳ ಕೈ ನಿಂತುಹೋಯಿತು. ಇಸ್ತ್ರಿಪೆಟ್ಟಿಗೆ ನಿಂತಲ್ಲೇ ನಿಂತಿತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವಳ ಕೈಯಲ್ಲಿ ಒಂದು ಷರ್ಟು ಸುಟ್ಟಿತು.

ಎರಡು ವರ್ಷದಿಂದ ಅವಳು ಕೇಳಬೇಕೆಂದಿದ್ದ ಮಾತು ಅದು. ಬಂದಿದ್ದು ಹೀಗೆ, ಸುಟ್ಟ ವಾಸನೆಯ ಜೊತೆ.

"ನಿಮಗೆ ತಿಂಗಳಿಗೊಂದು ಸಲ ನನ್ನ ಮುಖ ಕಾಣ್ಬೇಕು ಅಂತ ನನ್ನ ಅಂಗಡಿ ಕಳೆದ್ರಾ?"

"ಇಷ್ಟು ದೊಡ್ಡದಾಗುತ್ತೆ ಅಂದ್ಕೊಂಡಿರಲಿಲ್ಲ. ನೀವು ಸಾಲ ಕೇಳ್ತೀರಿ ಅಂತ ಗೊತ್ತಿರಲಿಲ್ಲ... ಇಲ್ಲ, ಅದು ನೆಪ. ತಪ್ಪು ನನ್ನದೇ."

'ನಾನೂ ಅದನ್ನೇ ಮಾಡಿದೆ,' ಎಂದಿತು ಅವಳ ಮನಸ್ಸು. ಮರುಕ್ಷಣ ಅದೇ ಮನಸ್ಸು ತಿರುಗಿಬಿತ್ತು. 'ನಾನು ಆಟವಾಡಿದ್ದು ನನ್ನ ಬದುಕಿನ ಜೊತೆ, ಅದೂ ಗೊತ್ತಿಲ್ಲದೆ. ಇವನು ಆಡಿದ್ದು ನನ್ನ ಬದುಕಿನ ಜೊತೆ, ಗೊತ್ತಿದ್ದೂ.'

"ಹೋಗಿ ಸಾರ್. ಕೈಯಲ್ಲಿ ಬಿಸಿ ಪೆಟ್ಟಿಗೆ ಇದೆ."

ಅವನು ಬಾಗಿಲಲ್ಲಿ ನಿಂತ. "ಇನ್ಮೇಲೆ ಬಿಲ್ಲು ಬಂದ ದಿನಾನೇ ಕಟ್ಟಿ. ಕಾರ್ಡಿನ ಮಿತಿ ಪೂರ್ತಿ ಬಳಸ್ಬೇಡಿ, ಮೂರರಲ್ಲಿ ಒಂದು ಪಾಲು ಸಾಕು. ಹಳೇ ದಾಖಲೆ ಅಳಿಸೋಕಾಗಲ್ಲ. ಆದ್ರೆ ಆರು ತಿಂಗಳು ಸರಿಯಾಗಿ ಕಟ್ಟಿದ್ರೆ ಸ್ಕೋರ್ ಏರುತ್ತೆ. ಆಮೇಲೆ ಮತ್ತೆ ಅರ್ಜಿ ಹಾಕಿ. ನಾನು ಮಾತ್ರ ನಿಮ್ಮ ಫೈಲು ಮುಟ್ಟಲ್ಲ."

ಹೊರಟೇಹೋದ. 'ಕೈ ತೊಳ್ಕೊಂಡ,' ಎಂದುಕೊಂಡಳು ಅವಳು. ಸುಟ್ಟ ಷರ್ಟು ಮಡಚುವಾಗ ಅವಳ ಕಣ್ಣಿಂದ ಸುರಿದ ನೀರಿನಲ್ಲಿ ಆ ದಿನದ ಬಟ್ಟೆಯೆಲ್ಲ ಒಗೆಯಬಹುದಿತ್ತು.

ಯಜಮಾನರು ಒರಟು ಮನುಷ್ಯ. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಆರು ತಿಂಗಳು ಕಾಯ್ತೀನಮ್ಮ. ಮಂಡಿಗೆ ನಾನೇ ಸಮಾಧಾನ ಹೇಳ್ಕೋತೀನಿ. ಏಳನೇ ತಿಂಗಳ ಒಂದನೇ ತಾರೀಖು ಬೀಗದ ಕೈ ಆ ಮೊಬೈಲಿನವನಿಗೆ. ಆಗ ಅತ್ತರೂ ಇಲ್ಲ, ಕರೆದರೂ ಇಲ್ಲ. ಹಾಂ, ಆ ಷರ್ಟಿನ ದುಡ್ಡು ನಿನ್ನ ಸಂಬಳದಲ್ಲಿ."

ಆ ಆರು ತಿಂಗಳು ಅವಳು ಹೇಗೆ ಬದುಕಿದಳೆಂದು ನನ್ನನ್ನು ಕೇಳಿ. ಬಿಲ್ಲಿನ ಸಂದೇಶ ಫೋನಿಗೆ ಬಂದು ಅದರ ಸದ್ದು ಗೋಡೆಗೆ ಬಡಿದು ಮರಳುವಷ್ಟರಲ್ಲಿ ದುಡ್ಡು ಕಟ್ಟಿ ಮುಗಿಸುತ್ತಿದ್ದಳು. ಸೋಪಿನ ಪುಡಿ, ಹ್ಯಾಂಗರು, ತಂಗಿಯ ಬಸ್ಸಿನ ಪಾಸು, ಎಲ್ಲಕ್ಕೂ ನಗದು. ಹೊಸ ಚಪ್ಪಲಿಯ ಮಾತೇ ಇಲ್ಲ. ಆದರೂ ಸ್ಕೋರ್ ಇರುವೆಯ ಹಾಗೆ ಹತ್ತುತ್ತಿತ್ತು. ಒಂದು ತಿಂಗಳು ಹತ್ತಲೇ ಇಲ್ಲ. ಆ ವಾರ ಅವಳು ಊಟ ಬಿಟ್ಟಳು.

ಹದಿನೆಂಟನೇ ತಾರೀಖು ಮಾತ್ರ ಬೇಡವೆಂದರೂ ಕಣ್ಣು ಬೀದಿಯಾಚೆ ಹೋಗುತ್ತಿತ್ತು. ಆ ಕುರ್ಚಿಯಲ್ಲಿ ಕನ್ನಡಕದ ಹೆಂಗಸೊಬ್ಬರು ಕೂತಿರುತ್ತಿದ್ದರು. ಅವನು ಒಂದು ಸಲವೂ ಬರಲಿಲ್ಲ.

'ಹೋಗಿ ಅಂತ ನಾನೇ ಅಂದಿದ್ದಲ್ವಾ... ಮತ್ಯಾಕೆ ಹೀಗೆ ಹುಡುಕ್ತೀನಿ?'

ಆರನೇ ತಿಂಗಳ ಹದಿನೆಂಟಕ್ಕೆ ಕನ್ನಡಕದ ಅಧಿಕಾರಿ ಅವಳ ಹೊಸ ಅರ್ಜಿಯನ್ನು ಮೂರು ಸಲ ಓದಿದರು.

"ಸ್ಕೋರ್ ಪೂರ್ತಿ ಏರಿಲ್ಲ. ಸಾಕಾಗುವಷ್ಟು ಏರಿದೆ. ಬಡ್ಡಿ ಒಂಚೂರು ಜಾಸ್ತಿ ಬೀಳುತ್ತೆ, ಪರವಾಗಿಲ್ವಾ?" ಎಂದು ಸಹಿ ಹಾಕಿಯೇಬಿಟ್ಟರು.

ಅವಳು ಜೋರಾಗಿ ತಲೆಯಾಡಿಸಿದಳು.

"ಈ ಫೈಲು ನನ್ನ ಹತ್ರ ಯಾಕೆ ಬಂತು, ನಿಮಗೆ ಗೊತ್ತಾ?" ಅಧಿಕಾರಿ ಹಳೆಯದೊಂದು ಹಾಳೆಯನ್ನು ಅವಳ ಕಡೆ ತಿರುಗಿಸಿದರು. ಫೈಲು ಬೇರೆಯವರಿಗೆ ಕೊಡಲು ಕಾರಣ, ಎಂಬ ಜಾಗದಲ್ಲಿ ಅವನ ಅಕ್ಷರ.

'ಅರ್ಜಿದಾರರನ್ನು ನಾನು ಪ್ರೀತಿಸುತ್ತೇನೆ. ಹಾಗಾಗಿ ಈ ಅರ್ಜಿಯ ಮೇಲೆ ನಾನು ನಿರ್ಧಾರ ಮಾಡುವುದು ನ್ಯಾಯವಲ್ಲ. ಅವರ ಚೆಕ್ಕು ತಡವಾಗುತ್ತಿರುವುದು ತಿಳಿದೂ ಎಚ್ಚರಿಸದ ತಪ್ಪು ನನ್ನದು.'

"ಇದನ್ನ ಹನ್ನೊಂದು ಜನ ಓದಿ ಸಹಿ ಮಾಡಿದ್ದಾರೆ. ಓದದೇ ಉಳಿದಿದ್ದು ನೀವೊಬ್ರೇ," ಎಂದರು ಅಧಿಕಾರಿ. "ಅವನ ಬಡ್ತಿ ಒಂದು ವರ್ಷ ಮುಂದೆ ಹೋಯ್ತು. ಈಗ ಸುತ್ತಾಟ ಇಲ್ಲ, ರೈಲ್ವೆ ಗೇಟಿನ ಹತ್ರದ ಶಾಖೇಲಿ ಕೂರಿಸಿದ್ದಾರೆ."

ಅವಳು ಬಟ್ಟೆ ಬದಲಿಸಲಿಲ್ಲ, ಕೂದಲು ಕಟ್ಟಲಿಲ್ಲ. ಅವಳು ಹತ್ತಿದ ಬಸ್ಸಿಗೆ ಅಂದು ದಾರಿಯುದ್ದಕ್ಕೂ ಒಂದೂ ಕೆಂಪು ದೀಪ ಸಿಗಲಿಲ್ಲವೆಂದರೆ ನೀವು ನಂಬಲೇಬೇಕು.

ಅವನ ಮೇಜಿನ ಮುಂದೆ ನಾಲ್ಕು ಜನರಿದ್ದರು. ಐದನೆಯವಳಾಗಿ ನಿಂತಳು. ಅವನು ತಲೆ ಎತ್ತಿ ನೋಡಿದವನು, ಕೈಯಲ್ಲಿದ್ದ ಮೊಹರನ್ನು ಮೇಜಿಗೇ ಒತ್ತಿದ.

ನಾಲ್ವರೂ ಹೋದ ಮೇಲೆ ಮೆಲ್ಲಗೆ ಕೇಳಿದ. "ಅಂಗಡಿ?"

"ನಂದಾಯ್ತು."

ಅವನು ಕಣ್ಣು ಮುಚ್ಚಿ ತೆರೆದ. "ನನ್ನ ಮೇಲಿನ ಸಿಟ್ಟು?"

"ಅರ್ಧ ಇದೆ. ಹನ್ನೊಂದು ಜನಕ್ಕೆ ಹೇಳಿದ್ದನ್ನ ನನಗೆ ಯಾಕೆ ಹೇಳಲಿಲ್ಲ?"

"ನಿಮ್ಮ ಸಾಲ ಆಗೋ ತನಕ ಹೇಳೋ ಯೋಗ್ಯತೆ ನನಗಿರಲಿಲ್ಲ."

"ಕೇಳಿ. ನಾನೂ ಒಂದು ಸುಳ್ಳು ಹೇಳಿದ್ದೆ. ಅದು ಮರೆವಲ್ಲ. ಹದಿನೆಂಟಕ್ಕೆ ಮಾತ್ರ ನೀವಿರ್ತಿದ್ರಿ, ಅದಕ್ಕೇ."

ಅವನ ಮುಖ ನೋಡಿದವರಿಗೆ ಗೊತ್ತು, ಬ್ಯಾಂಕಿನ ಟ್ಯೂಬ್‌ಲೈಟುಗಳೆಲ್ಲ ಆಗ ದಂಡಕ್ಕೆ ಉರಿಯುತ್ತಿದ್ದವು.

"ಭಾನುವಾರ ಎಲ್ಲಾದ್ರೂ ಕೂತು ಮಾತಾಡೋಣ್ವಾ?" ಎಂದ.

"ಬೇಡ, ಇವತ್ತೇ. ಕೊನೇ ದಿನದ ತನಕ ಕಾಯೋ ಚಟ ಬಿಟ್ಟಿದ್ದೀನಿ."

"ಇನ್ನು ಹತ್ತು ನಿಮಿಷ ಕೆಲಸ ಇದೆ..."

"ಮುಗಿಸಿ ಬನ್ನಿ," ಎಂದು ಅವಳು ಅವನೆದುರಿನ ಕುರ್ಚಿ ಎಳೆದುಕೊಂಡು ಕೂತಳು. "ನೋಡ್ತಾ ಇರ್ತೀನಿ."