ಹತ್ತು ಥೌ ಅಂತರ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಕಥೆ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಎಂಬ ಅನುಮಾನ ಇನ್ನೂ ಹೋಗಿಲ್ಲ. ಎಂಜಿನ್ ಬಲ್ಲವರು ಇದರಲ್ಲಿ ತಪ್ಪು ಹುಡುಕಬಹುದು. ಪ್ರೀತಿ ಬಲ್ಲವರು ಇನ್ನೂ ಹೆಚ್ಚು ಹುಡುಕಬಹುದು. ಆದರೂ ಹೇಳದೆ ಇರಲು ಮನಸ್ಸು ಕೇಳಲಿಲ್ಲ...

"ಮುಟ್ಬೇಡಿ!"

ಎಂಜಿನ್ನಿನತ್ತ ಚಾಚಿದ್ದ ಮೆಕ್ಯಾನಿಕ್ ಹುಡುಗಿಯ ಕೈ ಗಾಳಿಯಲ್ಲೇ ನಿಂತಿತು.

ಹಳೆಯ ಮೋಟರ್‌ಸೈಕಲ್ಲೊಂದನ್ನು ಗ್ಯಾರೇಜಿನ ಬಾಗಿಲವರೆಗೆ ತಳ್ಳಿಕೊಂಡು ಬಂದವನು ಏದುಸಿರು ಬಿಡುತ್ತಿದ್ದ. ಮರುಕ್ಷಣ ತನ್ನ ದನಿಗೆ ತಾನೇ ನಾಚಿಕೊಂಡ.

"ಅಂದ್ರೆ... ಮುಟ್ಟಿ. ಮುಟ್ಲಿ ಅಂತಾನೇ ತಂದಿದ್ದು. ಮೊದ್ಲು ಒಂದು ಮಾತು ಹೇಳ್ಬೇಕಿತ್ತು ಅಷ್ಟೆ."

"ಹೇಳಿ."

"ನಿನ್ನೆಯಿಂದ ಸ್ಟಾರ್ಟ್ ಮಾಡಿಲ್ಲ, ಪೂರ್ತಿ ತಣ್ಣಗಿದೆ. ವಾಲ್ವ್ ಗ್ಯಾಪ್ ಸೆಟ್ ಮಾಡ್ಬೇಕು."

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅವಳ ಚಿಕ್ಕಪ್ಪ ನಕ್ಕರು. "ಸರಿಯಾದ ಜಾಗಕ್ಕೇ ಬಂದ್ಯಪ್ಪ! ನಮ್ಮ ಗೇಜಮ್ಮ ತಟ್ಟೆಗೂ ಲೋಟಕ್ಕೂ ನಡುವೆ ಗೇಜ್ ಹಾಕಿ ನೋಡ್ದೆ ಊಟಕ್ಕೇ ಕೂರಲ್ಲ!"

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಗೇಜಮ್ಮ ಎಂದೇ ಕರೆಯುತ್ತಿದ್ದರು. ಅವಳ ಜೇಬಿನಲ್ಲಿ ಫೀಲರ್ ಗೇಜ್ ಸದಾ ಇರುತ್ತಿತ್ತು. ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದನ್ನು ಅಳೆಯುವ, ಕೂದಲಿನಷ್ಟು ತೆಳುವಾದ ಉಕ್ಕಿನ ಎಲೆಗಳ ಪುಟ್ಟ ಕಟ್ಟು ಅದು. ಒಂದೊಂದು ಎಲೆಯ ಮೇಲೂ ಅದರ ದಪ್ಪದ ಅಂಕಿ. ಒಂದು ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು, ಒಂದು ಥೌ.

"ಎರಡು ವಾಲ್ವ್‌ಗೂ ಹತ್ತು ಥೌ ಇಡಿ," ಎಂದ ಅವನು.

"ಈ ಗಾಡಿ ಪುಸ್ತಕ ನಮ್ಮ ಹತ್ರ ಇದೆ. ಅದ್ರಲ್ಲಿ ಆರು ಅಂತಿದೆ."

"ಹತ್ತೇ ಇಡಿ."

"ಯಾಕೆ?"

ಅವನು ಎಂಜಿನ್ನನ್ನೇ ನೋಡುತ್ತ ನಿಂತ. "ಏಳು ವರ್ಷ ತಗೊಂಡು ಕಟ್ಟಿದ್ದು. ಇದರ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋದ್ರೆ ಇನ್ನೊಂದು ಎಲ್ಲೂ ಸಿಗಲ್ಲ. ಅಲ್ಲಿಗೆ ಮುಗೀತು."

ಅವಳ ಕೈಯಿಂದ ಸ್ಪ್ಯಾನರ್ ಜಾರಿ ಅವನ ಕಾಲ ಬುಡಕ್ಕೇ ಬಿತ್ತು. ಅವನು ಬಗ್ಗಲಿಲ್ಲ. ಗಾಡಿ ನಿಲ್ಲಿಸಿದೊಡನೆ ಪ್ಯಾಂಟಿನ ಜೇಬು ಸೇರಿದ್ದ ಕೈಗಳು ಹೊರಗೇ ಬರಲಿಲ್ಲ.

'ಅಬ್ಬಾ, ದೊಡ್ಡ ದೊರೆ!' ಅಂದುಕೊಂಡಳು.

"ಪಕ್ಕದ ಬೀದಿ ಲೇಥ್ ಅಂಗಡಿ ನಂದೇ. ನಾಳೆ ಬರ್ತೀನಿ," ಎಂದು ಹೊರಟುಹೋದ.

ಸಿಟ್ಟಿನಲ್ಲೇ ಅವಳು ಎಂಜಿನ್ನಿನ ತಲೆಯ ಮುಚ್ಚಳ ಬಿಚ್ಚಿದಳು.

ಬಿಚ್ಚಿದವಳು ಹಾಗೇ ಕೂತುಬಿಟ್ಟಳು.

ಒಳಗೆ ಎಲ್ಲವೂ ಹೊಳೆಯುತ್ತಿತ್ತು! ಕಾರ್ಖಾನೆಯ ಒರಟು ಎರಕವನ್ನು ಯಾರೋ ಕೈಯಾರೆ ಉಜ್ಜಿ, ಉಜ್ಜಿ, ನದಿಯ ಕಲ್ಲಿನಷ್ಟು ನುಣುಪು ಮಾಡಿದ್ದರು. ವಾಲ್ವನ್ನು ಒತ್ತುವ ರಾಕರ್‌ಗಳನ್ನು ಎಷ್ಟು ಬೇಕೋ ಅಷ್ಟೇ ಕೆತ್ತಿ ಹಗುರ ಮಾಡಿದ್ದರು. ಮುಚ್ಚಳದ ಒಳಮೈಯನ್ನೂ ಬಿಟ್ಟಿರಲಿಲ್ಲ... ಅದನ್ನು ಯಾರು ನೋಡುತ್ತಾರೆ? ಎಣ್ಣೆ ಬಿಟ್ಟರೆ ಇನ್ಯಾರೂ ನೋಡದ ಜಾಗ ಅದು!

'ಇಷ್ಟು ಚೆಂದ ಮಾಡಿದವನಾ ಅವನು? ಬಿದ್ದ ಸ್ಪ್ಯಾನರ್ ಎತ್ತಿಕೊಡದವನು?'

ಸ್ಪಾರ್ಕ್ ಪ್ಲಗ್ ತೆಗೆದು, ಹಿಂದಿನ ಚಕ್ರವನ್ನು ಮೆಲ್ಲಗೆ ತಿರುಗಿಸಿದಳು. ವಾಲ್ವ್ ಕೆಳಗಿಳಿಯಿತು. ಇನ್ನೂ ಇಳಿಯಿತು. ಅವಳು ಎಂದೂ ಕಾಣದಷ್ಟು ಆಳಕ್ಕೆ ಮುಳುಗಿ, ನಿಧಾನವಾಗಿ ಮೇಲೆದ್ದು ಬಂತು. ಉಸಿರಾಡುವುದನ್ನೂ ಮರೆತು ನೋಡಿದಳು.

ಹತ್ತು ಥೌ ಇಟ್ಟು ಸ್ಟಾರ್ಟ್ ಮಾಡಿದಳು. ಟಿಕ್ ಟಿಕ್ ಟಿಕ್ ಟಿಕ್...

"ಇದೇನೇ, ಗಾಡಿನೋ ಹೊಲಿಗೆ ಮಷೀನೋ?" ಚಿಕ್ಕಪ್ಪ ಕೂಗಿದರು. ಅಲ್ಲಿದ್ದ ಇಬ್ಬರು ಗಿರಾಕಿಗಳೂ ನಕ್ಕರು. "ನಿನ್ನನ್ನ ಪರೀಕ್ಷೆ ಮಾಡ್ತಿದ್ದಾನೆ ಕಣೇ. ಹೆಣ್ಮಗಳು ಹೇಳಿದ್ದಕ್ಕೆಲ್ಲ ಹೂಂ ಅಂತಾಳಾ ಅಂತ."

ಆ ಮಾತು ಮುಳ್ಳಿನಂತೆ ಚುಚ್ಚಿತು.

ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಮತ್ತೆ ಮುಚ್ಚಳ ತೆಗೆದು ಪುಸ್ತಕದಂತೆ ಆರು ಥೌ ಇಟ್ಟಳು. ಈಗ ಸದ್ದೇ ಇಲ್ಲ. ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ!

ಅವನು ಬಂದ. ಸ್ಟಾರ್ಟ್ ಮಾಡಿ, ತಲೆ ಓರೆಮಾಡಿ ಆಲಿಸಿದ.

"ಹತ್ತೇ ಇಟ್ರಾ?"

ಚಿಕ್ಕಪ್ಪ ನೋಡುತ್ತಿದ್ದರು.

"ಹೂಂ," ಎಂದಳು.

ಒಂದೇ ಒಂದು ಅಕ್ಷರ. ಆದರೆ ಅವನು ಬೀದಿಯ ತಿರುವು ದಾಟುವ ಮೊದಲೇ ಅದನ್ನು ವಾಪಸು ಪಡೆಯಬೇಕೆನಿಸಿತು.

ಹತ್ತು ಗಂಟೆಯ ಚಹಾ ಕುಡಿಯುವಾಗ ಆ ಆಳಕ್ಕೆ ಮುಳುಗಿದ ವಾಲ್ವ್ ಕಣ್ಣೆದುರು ಬಂತು. ಅಷ್ಟು ಆಳ ಯಾಕೆ ಇಳಿಯಿತು? ರಾಕರನ್ನು ಎತ್ತಿ ಅದನ್ನು ತೆರೆಸುವ ಉಬ್ಬುಚಕ್ರ, ಕ್ಯಾಮ್, ಬೇರೆಯದು! ಅವನೇ ಕಡೆದು ಹಾಕಿದ ಹೊಸ ಕ್ಯಾಮ್! ಹಾಗಿದ್ದರೆ ಪುಸ್ತಕದ ಲೆಕ್ಕ ಆ ಎಂಜಿನ್ನಿಗೆ ಸೇರಿದ್ದೇ ಅಲ್ಲ. ಬಿಸಿಯಾಗಿ ಲೋಹ ಹಿಗ್ಗಿದಾಗ ಆರು ಥೌ ಸಾಲುವುದಿಲ್ಲ. ವಾಲ್ವ್ ಪೂರ್ತಿ ಮುಚ್ಚದೆ, ಬೆಂಕಿ ಅದರ ಅಂಚನ್ನು ನೆಕ್ಕುತ್ತದೆ... ಸದ್ದಿಲ್ಲದೆ ಸುಡುತ್ತದೆ!

ಲೋಟ ಕೆಳಗಿಟ್ಟು ಓಡಿದಳು.

"ಏ, ಎಲ್ಲಿಗೇ?" ಚಿಕ್ಕಪ್ಪನ ಕೂಗು ಹಿಂದೆಯೇ ಉಳಿಯಿತು.

ಲೇಥ್ ಅಂಗಡಿಯ ನೆಲದ ಮೇಲೆ ಮೋಟರ್‌ಸೈಕಲ್ ನಿಂತಿತ್ತು. ಅದರ ಮುಚ್ಚಳ ಆಗಲೇ ಬಿಚ್ಚಿತ್ತು. ಅವನು ಎಂಜಿನ್ನಿನ ಮೇಲೆ ಬಾಗಿದ್ದ. ಫೀಲರ್ ಗೇಜಿನ ಎಲೆಯೊಂದನ್ನು ತುಟಿಗಳ ನಡುವೆ ಹಿಡಿದು, ಕಣ್ಣುಮುಚ್ಚಿ, ಅಂತರದೊಳಗಿಂದ ಮೆಲ್ಲಗೆ ಎಳೆಯುತ್ತಿದ್ದ. ಬಿಗಿಯೋ ಸಡಿಲವೋ ಎಂದು ತುಟಿಯಲ್ಲಿ ಓದುತ್ತಿದ್ದ!

ಅವಳು ಮೆಲ್ಲಗೆ ಹತ್ತಿರ ಹೋದಳು. ಆಗ ಮೊದಲ ಸಲ ಅವನ ಕೈಗಳನ್ನು ಸರಿಯಾಗಿ ಕಂಡಳು. ಬೆರಳ ತುದಿಗಳು ನುಣ್ಣಗೆ ಹೊಳೆಯುತ್ತಿದ್ದವು, ಗೆರೆಗಳೇ ಇಲ್ಲದೆ.

ಅವನು ತಲೆಯೆತ್ತಿದ. ಕೈಗಳು ಜೇಬಿಗೆ ಹೋಗಲು ತಡವರಿಸಿದವು.

"ಬಚ್ಚಿಡ್ಬೇಡಿ," ಎಂದಳು. ಕಣ್ಣು ತುಂಬಿ ಬಂದಿತ್ತು. "ನಾನು ಸುಳ್ಳು ಹೇಳ್ದೆ. ಆರು ಇಟ್ಟಿದ್ದೆ."

"ಗೊತ್ತು. ತಿರುವಲ್ಲೇ ಆಫ್ ಮಾಡಿ ತಳ್ಕೊಂಡು ಬಂದೆ. ಅಷ್ಟು ಮೆತ್ತಗೆ ಮಾತಾಡೋ ಎಂಜಿನ್ ಅಲ್ಲ ಇದು."

"ಮತ್ತೆ ಬಂದು ಬಯ್ಬಹುದಿತ್ತಲ್ಲ!"

"ನಿಮ್ಮ ಚಿಕ್ಕಪ್ಪನ ಎದುರಿಗಾ?" ಅವನು ತಲೆಯಾಡಿಸಿದ. "ತಪ್ಪು ನಂದೂ ಇದೆ. ಯಾಕೆ ಅಂತ ಕೇಳಿದ್ರಿ, ನಾನು ಹೇಳ್ಲಿಲ್ಲ. ಕ್ಯಾಮ್ ನಾನೇ ಕಡೆದಿದ್ದು ಅಂದ್ರೆ, ವಾಲ್ವ್ ನೀವೇ ಯಾಕೆ ಸೆಟ್ ಮಾಡ್ಕೊಳ್ಳಲ್ಲ ಅಂತ ಕೇಳ್ತಿದ್ರಿ. ಎರಡು ವರ್ಷ ಆಯ್ತು... ಕೆಂಪಗೆ ಕಾದ ಉಕ್ಕಲ್ಲಿ ಬೆರಳು ಸುಟ್ಕೊಂಡೆ. ಎಲ್ಲ ಹಿಡೀತೀನಿ, ಹಿಡಿದದ್ದು ಮಾತ್ರ ಗೊತ್ತಾಗಲ್ಲ."

ಇನ್ನೊಂದು ವಾಲ್ವ್ ಎಲ್ಲೂ ಸಿಗುವುದಿಲ್ಲ ಎಂದಿದ್ದು ಯಾಕೆಂದು ಈಗ ಅರ್ಥವಾಯಿತು. ಅದನ್ನೂ ಕಡೆದವನು ಅವನೇ, ಕಡೆದ ಆ ಬೆರಳುಗಳಿಗೆ ಈಗ ಸ್ಪರ್ಶವೇ ಇರಲಿಲ್ಲ!

"ವಾಲ್ವ್... ಸುಟ್ಟಿದ್ಯಾ?" ಅವಳು ಎಂಜಿನ್ನಿನತ್ತ ಬಾಗಿದಳು.

"ನೀವೇ ನೋಡಿ."

ಕಿಕ್ಕರನ್ನು ಕಾಲಿನಿಂದ ಮೆಲ್ಲಗೆ ಒತ್ತಿದಳು. ಅದು ಗಟ್ಟಿಯಾಗಿ ತಡೆದು ನಿಂತಿತು. ಗಾಳಿ ಎಲ್ಲೂ ಸೋರುತ್ತಿಲ್ಲ. ವಾಲ್ವ್ ಉಳಿದಿತ್ತು!

"ಅಷ್ಟು ಗಿರಾಕಿಗಳಿರೋ ದೊಡ್ಡ ಗ್ಯಾರೇಜ್‌ಗಳಿದ್ವು. ನನ್ನ ಹತ್ರ ಯಾಕೆ ತಂದ್ರಿ?"

ಅವನು ನೆಲ ನೋಡಿದ. "ಆರು ತಿಂಗಳಿಂದ ನಿಮ್ಮ ಬಾಗಿಲ ಮುಂದೇನೇ ಓಡಾಡ್ತಿದೀನಿ. ನಟ್ ಬಿಗಿ ಮಾಡಿದ್ಮೇಲೂ ಇನ್ನೊಂದ್ಸಲ ಗೇಜ್ ಹಾಕಿ ನೋಡೋದು ನೀವೊಬ್ರೇ. ಆ ಇನ್ನೊಂದ್ಸಲ ಇದೆಯಲ್ಲ... ಅದನ್ನ ನೋಡೋಕೇ ಬರ್ತಿದ್ದೆ."

ಅವಳ ಕೆನ್ನೆ ಬೆಚ್ಚಗಾಯಿತು.

ಇಬ್ಬರೂ ಸೇರಿ ಕೂತರು. ಅವಳ ಬೆರಳುಗಳು, ಅವನ ಕಿವಿ. ಹತ್ತು ಥೌ ಎಲೆ ಸರಿಯಾದ ಬಿಗಿಯಲ್ಲಿ ಜಾರಿತು. ನಟ್ ಬಿಗಿದು, ಇನ್ನೊಂದು ಸಲ ಹಾಕಿ ನೋಡಿದಳು. ಅವನು ಗೇಜನ್ನಲ್ಲ, ಅವಳ ಮುಖವನ್ನು ನೋಡುತ್ತಿದ್ದ.

ಸ್ಟಾರ್ಟ್ ಆಯಿತು. ಟಿಕ್ ಟಿಕ್ ಟಿಕ್ ಟಿಕ್... ಅಂಗಡಿಯ ತಗಡುಗಳೆಲ್ಲ ಸಣ್ಣಗೆ ಕಂಪಿಸಿದವು. ಉಕ್ಕಿನ ಸಾವಿರ ಚೂರುಗಳು ಒಂದೂ ತಾಳ ತಪ್ಪದೆ ಓಡುವುದನ್ನು ಅವಳು ಬಾಯಿ ತೆರೆದು ನೋಡಿದಳು. ಇದೆಲ್ಲ ಒಬ್ಬ ಮನುಷ್ಯನ ಕೈಯಿಂದ ಬಂತು!

ಆ ಕೈಯನ್ನು ತೆಗೆದು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು.

"ಇನ್ಮೇಲೆ ಬೆರಳ ಕೆಲಸ ನಂದು," ಎಂದಳು.

"ಎಷ್ಟು ದಿನ?"

"ಗೇಜ್ ಸವೆಯೋವರೆಗೆ."

"ಅದು ಸವೆಯಲ್ಲ ಕಣ್ರೀ."

"ಗೊತ್ತಿದ್ದೇ ಹೇಳಿದ್ದು."

ಅವನು ನಕ್ಕ. ಅವಳು ಅವನ ನುಣ್ಣನೆಯ ಬೆರಳ ತುದಿಗಳನ್ನು ಒಂದೊಂದಾಗಿ, ಮೆಲ್ಲಗೆ ಒತ್ತಿದಳು.

"ಇದು... ಗೊತ್ತಾಗ್ತಿದ್ಯಾ?"

ಅವನು ಗೇಜ್ ಎಳೆದಾಗಿನಂತೆ ಕಣ್ಣುಮುಚ್ಚಿಕೊಂಡ.

"ಗೊತ್ತಾಗ್ತಿದೆ."

"ಸುಳ್ಳು ಹೇಳ್ಬೇಡಿ."

"ಸುಳ್ಳು ನಿಮ್ಮ ಇಲಾಖೆ. ನಂದಲ್ಲ."

ಆ ಬೆರಳುಗಳಿಗೆ ಅಂದು ನಿಜಕ್ಕೂ ಏನಾದರೂ ತಿಳಿಯಿತೋ, ಅವಳಿಗಾಗಿ ಹಾಗೆಂದನೋ, ನನಗೆ ಗೊತ್ತಿಲ್ಲ. ಅವಳು ಮತ್ತೆ ಕೇಳಲಿಲ್ಲ.