ಅಳೆಯಲು ಬಂದವನು

"ಸ್ವಲ್ಪ ನಿಧಾನ ಮಾಡಿ..."

ಕಿವಿಯ ಹತ್ತಿರವೇ ಬಂದ ಪಿಸುಮಾತಿಗೆ ಅವಳು ಬೆಚ್ಚಿಬಿದ್ದಳು. ಕೂದಲೆಳೆಯಷ್ಟು ಆಚೀಚೆ ಆಗಿದ್ದರೂ ಈರುಳ್ಳಿಯ ಜೊತೆ ಬೆರಳೂ ಹೋಗುತ್ತಿತ್ತು!

ತಿರುಗಿ ನೋಡಿದರೆ, ಇಸ್ತ್ರಿ ಕೆಡದ ಶರ್ಟು, ಕೈಯಲ್ಲಿ ಸ್ಟಾಪ್‌ವಾಚು, ಕುತ್ತಿಗೆಯಲ್ಲಿ ಹೊಸ ಕಂಪನಿಯ ಕಾರ್ಡು. ವಯಸ್ಸು ಮೂವತ್ತರ ಆಸುಪಾಸು. ಕಣ್ಣು ಮಾತ್ರ... ಛೇ, ಕಣ್ಣಿನ ವಿಷಯ ಈಗ್ಯಾಕೆ!

"ಏನಂದ್ರಿ?"

"ನಿಧಾನ ಮಾಡಿ ಅಂದೆ."

"ಯಾಕ್ರೀ? ಈ ಅಡುಗೆಮನೇಲಿ ನನ್ನಷ್ಟು ಬೇಗ ಹೆಚ್ಚೋರು ಯಾರೂ ಇಲ್ಲ. ಅದಕ್ಕೇ ಎಲ್ಲರೂ ನನ್ನ ಮಿಂಚು ಅಂತ ಕರೆಯೋದು!"

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮ್ಯಾನೇಜರ್ ಒಳಗೆ ಬಂದರು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಮೂವತ್ತು ಶಾಖೆಗಳ ಹೋಟೆಲ್ ಅದು. ಹಳೇ ಯಜಮಾನರು ಅಷ್ಟನ್ನೂ ಒಂದು ಹೂಡಿಕೆ ಕಂಪನಿಗೆ ಮಾರಿ ಕೈತೊಳೆದುಕೊಂಡಿದ್ದರು. ಕೊಂಡವರಿಗೆ ಹೋಟೆಲ್ ನಡೆಸುವ ಹುಚ್ಚೇನೂ ಇರಲಿಲ್ಲ. ಕೊಳ್ಳುವುದು, ಖರ್ಚು ಇಳಿಸುವುದು, ನಾಲ್ಕೈದು ವರ್ಷದಲ್ಲಿ ಹೆಚ್ಚಿನ ಬೆಲೆಗೆ ಇನ್ನೊಬ್ಬರಿಗೆ ದಾಟಿಸುವುದು, ಅವರ ಕಸುಬೇ ಅದು. ತರಕಾರಿ ಹೆಚ್ಚುವ ಕೋಣೆಗೆ ನಾಲ್ಕು ಜನ ಬೇಕೇ ಬೇಕಾ? ಅಳೆದು ಬಾ ಎಂದು ಇವನನ್ನು ಕಳಿಸಿದ್ದರು.

ನಾಲ್ವರಲ್ಲಿ ಎಲ್ಲರಿಗಿಂತ ನಿಧಾನ ಯಾರೋ ಅವರ ಕೆಲಸ ಹೋಗುತ್ತದೆ ಎಂದು ಮಿಂಚು ತಾನೇ ತೀರ್ಮಾನ ಮಾಡಿಕೊಂಡಿದ್ದಳು. ಎಲ್ಲರಿಗಿಂತ ನಿಧಾನ ಎಂದರೆ ದೊಡ್ಡಕ್ಕ.

ದೊಡ್ಡಕ್ಕ ಒಡಹುಟ್ಟಿದವಳಲ್ಲ. ಎಂಟು ವರ್ಷದ ಹಿಂದೆ, ಚಾಕು ಹಿಡಿಯಲೂ ಬಾರದ ಮಿಂಚುವಿನ ಕೈಹಿಡಿದು ಕೆಲಸ ಕಲಿಸಿದವಳು. ಈಗ ಅವಳ ಮಣಿಕಟ್ಟು ಊದಿಕೊಂಡು, ಹತ್ತು ಕ್ಯಾರೆಟ್ ಹೆಚ್ಚಿದರೆ ಒಂದು ಸಲ ಕೈ ಕೊಡವಿಕೊಳ್ಳಬೇಕು. ಈ ವಯಸ್ಸಿನಲ್ಲಿ ಅವಳಿಗೆ ಬೇರೆ ಕೆಲಸ ಕೊಡುವವರು ಯಾರು?

ಹಾಗಾಗಿ ಅವನು ಬೆನ್ನು ತಿರುಗಿಸಿದಾಗಲೆಲ್ಲ ಮಿಂಚು ದೊಡ್ಡಕ್ಕನ ತಟ್ಟೆಯಿಂದ ತರಕಾರಿ ಎಳೆದುಕೊಂಡು, ಹೆಚ್ಚಿ, ಸದ್ದಿಲ್ಲದೆ ವಾಪಸ್ ಸುರಿದಳು. ಮಧ್ಯಾಹ್ನದ ಹೊತ್ತಿಗೆ ಇಬ್ಬರ ತಟ್ಟೆಯೂ ಸಮಸಮ!

'ಗೆದ್ದೆ! ನನ್ನನ್ನ ನಿಧಾನ ಮಾಡಿಸಿ ಕೆಲಸದಿಂದ ಕಿತ್ತುಹಾಕೋ ಹುನ್ನಾರ ನಿಂದು, ಅಲ್ವಾ? ನನ್ನ ಹತ್ರ ನಡೆಯಲ್ಲಪ್ಪಾ...'

ಅಷ್ಟು ಬೈದುಕೊಂಡರೂ, ಮನೆಗೆ ಹೋಗುವ ಬಸ್ಸಿನಲ್ಲಿ ಅವನ ದನಿಯೇ ನೆನಪಾಗುತ್ತಿತ್ತು. ಅದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು.

ನಾಲ್ಕನೇ ದಿನ ಗೋಡೆಯ ಮೇಲೆ ನೋಟಿಸು. ಮುಂದಿನ ತಿಂಗಳಿಂದ ಹೆಚ್ಚುವ ಕೋಣೆಗೆ ಇಬ್ಬರೇ ಸಾಕು.

ಇಬ್ಬರೇ! ದೊಡ್ಡಕ್ಕ ಓದಿ, ಖಾಲಿ ಕ್ರೇಟಿನ ಮೇಲೆ ಕುಳಿತುಬಿಟ್ಟಳು.

ಮಿಂಚು ಹಿತ್ತಿಲ ಬಾಗಿಲಿಗೆ ಓಡಿದಳು. ಅವನು ಚಹಾದ ಲೋಟ ಹಿಡಿದು ನಿಂತಿದ್ದ.

"ಸಮಾಧಾನ ಆಯ್ತಾ? ಇಬ್ಬರ ಅನ್ನ ಕಿತ್ಕೊಂಡ್ರಲ್ಲ!"

"ನಿಧಾನ ಮಾಡಿ ಅಂತ ಹೇಳಿದ್ದೆ ನಾನು..."

"ನನ್ನನ್ನ ಸಿಕ್ಕಿಸೋಕೆ ತಾನೇ?"

"ಅಯ್ಯೋ, ಇಲ್ಲ ಕಣ್ರೀ! ಯಾರು ನಿಧಾನ ಅಂತ ಕಂಪನಿ ನೋಡೋದೇ ಇಲ್ಲ. ಒಬ್ಬರು ಗಂಟೆಗೆ ಎಷ್ಟು ಹೆಚ್ಚಬಹುದು ಅಂತ ನೋಡುತ್ತೆ. ಹಾಗಾದ್ರೆ ಎಷ್ಟು ಜನ ಸಾಕು ಅಂತ ಲೆಕ್ಕ ಹಾಕುತ್ತೆ. ಆವತ್ತು ನೀವೊಬ್ಬರೇ ಇಬ್ಬರ ಕೆಲಸ ಮಾಡಿದ್ದು ನನಗೆ ಕಾಣಿಸ್ತು. ಆ ಬೆಳಗಿನ ಅಂಕಿ ಹಾಗೇ ಅವರಿಗೆ ಹೋಯ್ತು."

ಉಳಿಸಲು ಹೋಗಿ ತಾನೇ ದೊಡ್ಡಕ್ಕನಿಗೆ ಕುತ್ತು ತಂದಳೇ? ಕಣ್ಣೀರು ತಡೆಯಲಾಗಲಿಲ್ಲ.

"ನೋಡಿದ್ರಲ್ಲ... ಬಿಡಿಸಿ ಹೇಳಬಾರದಿತ್ತಾ?"

"ಹೇಳಬೇಕಿತ್ತು. ಮ್ಯಾನೇಜರ್ ಮುಂದೆ ಧೈರ್ಯ ಬರಲಿಲ್ಲ. ಅದು ನನ್ನ ತಪ್ಪೇ." ಅವನು ತಲೆ ತಗ್ಗಿಸಿದ. "ನಮ್ಮಮ್ಮ ಇಂಥದ್ದೇ ಒಂದು ಹೋಟೆಲಲ್ಲಿ ಪಾತ್ರೆ ತೊಳೆದು ನನ್ನ ಓದಿಸಿದ್ಲು. ನಾನು ಹೀಗೆ ಬಾಯಿ ಮುಚ್ಕೊಂಡಿದ್ದೆ ಅಂತ ಗೊತ್ತಾದ್ರೆ ಮನೆಗೇ ಸೇರಿಸಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಸಿಟ್ಟು ಎಲ್ಲಿಗೆ ಹೋಯಿತೋ!

"ಈಗೇನು ಮಾಡೋದು?"

"ನಿಯಮದ ಪ್ರಕಾರ ಮೂರು ದಿನ, ಬೆಳಿಗ್ಗೆಯಿಂದ ಮುಗಿಯೋವರೆಗೂ ಅಳೀಬೇಕು. ಅವರು ಒಂದು ಬೆಳಗಿನ ಅಂಕಿಯನ್ನೇ ಹಿಡ್ಕೊಂಡು ಕೂತಿದ್ದಾರೆ. ಅದು ತಪ್ಪು, ಮತ್ತೆ ಅಳೀತೀನಿ ಅಂತ ಇವತ್ತು ಬರೆದು ಕಳಿಸಿದೆ. ನಾನು ಸುಳ್ಳು ಬರೆಯಲ್ಲ. ನೀವು ಅಕ್ಕನ ತಟ್ಟೆ ಮುಟ್ಟದಿದ್ರೆ ನಿಜಾನೇ ಸಾಕು."

ಮುಟ್ಟದಿರುವುದು! ಎಂಟು ವರ್ಷದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಅವಳು ಮಾಡಿರಲಿಲ್ಲ. ದೊಡ್ಡಕ್ಕ ಕೈ ಕೊಡವಿದಾಗಲೆಲ್ಲ ಮಿಂಚುವಿನ ಕೈ ತಾನಾಗಿ ಆ ಕಡೆ ಹೋಗುತ್ತಿತ್ತು. ಮರು ಅಳತೆಯ ಎರಡನೇ ದಿನ ದೊಡ್ಡಕ್ಕ ಆ ಕೈಯ ಮೇಲೆ ಪಟ್ಟನೆ ಒಂದು ಏಟು ಕೊಟ್ಟಳು.

"ಜೋಕೆ! ಮೊದಲ ದಿನ ನೀನು ಕದ್ದಿದ್ದು ನನಗೆ ಗೊತ್ತಾಗಿಲ್ಲ ಅಂದ್ಕೊಂಡ್ಯಾ? ನಾಚಿಕೆಗೆ ಸುಮ್ಮನಿದ್ದೆ ಕಣೆ. ನನ್ನ ಪಾಲಿಂದು ನಾನೇ ಹೆಚ್ತೀನಿ. ನೀನು ಕೈ ಕೆಲಸದ ಮೇಲಿಡು... ಕಣ್ಣು ಬೇಕಾದ್ರೆ ಆ ಕಡೆನೇ ಇರ್ಲಿ!"

ಆ ಕಡೆ ಅವನಿದ್ದ. ಮಿಂಚುವಿನ ಕೆನ್ನೆ ಬಿಸಿಯಾಯಿತು.

ಹೊಸ ಅಂಕಿ ಕಳಿಸಿದ ಮೇಲೆ ಒಂದು ವಾರ ಯಾರಿಗೂ ಊಟ ರುಚಿಸಲಿಲ್ಲ. ಎಂಟನೇ ದಿನ ಬೆಳಿಗ್ಗೆ ಮ್ಯಾನೇಜರ್ ಬಂದು ನೋಟಿಸು ಹರಿದು ಹಾಕಿದರು.

"ನಾಲ್ಕೂ ಜನ ಇರಿ. ಇಬ್ಬರೇ ಆದ್ರೆ ಮಧ್ಯಾಹ್ನದ ರಶ್ಶಿಗೆ ಒಲೆ ಮುಕ್ಕಾಲು ಗಂಟೆ ಖಾಲಿ ಉರಿಯುತ್ತಂತೆ, ಗಿರಾಕಿಗಳು ಎದ್ದು ಹೋಗ್ತಾರಂತೆ. ನಾನು ಹೇಳಿದಾಗ ಕೇಳಲಿಲ್ಲ, ಅವನು ಬರೆದಾಗ ಕೇಳಿದ್ರು!"

ಕಂಪನಿಯ ಮನಸ್ಸು ಕರಗಿತು ಅಂತೇನಲ್ಲ. ಆದರೂ ಆ ಕೋಣೆಯಲ್ಲಿ ನಾಲ್ಕು ಎದೆಗಳಿಂದ ಒಟ್ಟಿಗೇ ಉಸಿರು ಹೊರಬಿತ್ತು. ದೊಡ್ಡಕ್ಕ ಕಣ್ಣೊರೆಸಿಕೊಳ್ಳುತ್ತಾ, "ಹಾಳು ಈರುಳ್ಳಿ" ಎಂದಳು. ಅವಳ ಮುಂದೆ ಇದ್ದದ್ದು ಕ್ಯಾರೆಟ್.

ಮಿಂಚು ಹಿತ್ತಿಲಿಗೆ ಬಂದಾಗ ಅವನು ಬ್ಯಾಗು ಹೆಗಲಿಗೇರಿಸಿಕೊಂಡು ನಿಂತಿದ್ದ.

"ಹೊರಟ್ರಾ?"

"ಬೇರೆ ಊರಿನ ಶಾಖೆ. ಅಲ್ಲೂ ಅಳೀಬೇಕಂತೆ. ಈ ಕೆಲಸಾನೇ ಬಿಟ್ಟು ಇಲ್ಲೇ ಇದ್ಬಿಡಲಾ ಅಂತಾನೂ ಅನ್ಸುತ್ತೆ..."

'ಇರಿ' ಎನ್ನಲು ಅವಳ ಮನಸ್ಸು ಹಾತೊರೆಯಿತು. ಆದರೂ ಅವಳು ಬೇಡವೆಂಬಂತೆ ತಲೆಯಾಡಿಸಿದಳು.

"ಬಿಡಬೇಡಿ. ಅಲ್ಲೂ ಒಬ್ಬ ದೊಡ್ಡಕ್ಕ ಇರ್ತಾಳೆ. ನೀವು ಹೋಗದಿದ್ರೆ ಇನ್ಯಾರೋ ಹೋಗ್ತಾರೆ. ಹೋಗಿ... ಈ ಸಲ ಮೊದಲೇ ಬಾಯಿಬಿಟ್ಟು ಹೇಳಿ."

"ಹೇಳ್ತೀನಿ. ಈಗ್ಲೂ ಒಂದು ಮಾತು ಬಾಯಿಬಿಟ್ಟು ಹೇಳ್ಬೇಕು." ಅವನು ಬ್ಯಾಗು ಕೆಳಗಿಟ್ಟ. "ನೀವಂದ್ರೆ ನಂಗೆ ತುಂಬಾ ಇಷ್ಟ. ಇನ್ನೊಬ್ಬರಿಗೋಸ್ಕರ ಅಷ್ಟು ದುಡಿಯೋ ಜೀವ ನಾನು ಎಲ್ಲೂ ನೋಡಿಲ್ಲ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಸೋಮವಾರ ನನಗೆ ರಜ" ಎಂದಳು, ಕೊನೆಗೂ.

"ಅಲ್ಲಿಂದ ಬಸ್ಸಿಗೆ ಮೂರು ಗಂಟೆ ದಾರಿ. ಪ್ರತಿ ಸೋಮವಾರ ಬಂದ್ರೆ ಬೇಜಾರಾಗುತ್ತಾ?"

"ಬರದಿದ್ರೆ ಆಗುತ್ತೆ."