ಇನ್ನು ಡಚ್ ಬೇಡ

"ನನ್ನ ಊಟದ ದುಡ್ಡು ಕೊಡೋಕೆ ನೀವ್ಯಾರ್ರೀ?"

ಗಣಪತಿ ಬಡಾವಣೆಯ ಆ ಪುಟ್ಟ ಮೆಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ದಾವಣಗೆರೆಯಿಂದ ಈ ತಮಿಳು ಊರಿನ ಪಂಪ್ ಕಂಪನಿಗೆ ಬಂದು ಮೂರೇ ದಿನವಾಗಿದ್ದ ಪ್ರಕೃತಿಗೆ ಕೋಪ ಮೂಗಿನ ತುದಿಯಲ್ಲೇ!

"ಕೋಪ ಬೇಡಾಂಗ... ಮನೇಲಿ ನಾವೂ ಕನ್ನಡವೇ. ನಮ್ಮೂರಿಗೆ ಬಂದವರ ಹತ್ರ ದುಡ್ಡು ಕೊಡಿಸಿದ್ರೆ ಅಮ್ಮ ಬೈತಾರೆ," ಎಂದ ಈಶ್ವರನ್, ತಮಿಳು ಬೆರೆತ ಕನ್ನಡದಲ್ಲಿ. ಅದೇ ಕಂಪನಿಯ ಲೇತ್ ವಿಭಾಗದವನು, ಹತ್ತಿರದ ತೊಂಡಾಮುತ್ತೂರಿನವನು.

"ಡಚ್ ಆದ್ರೆ ಮಾತ್ರ ಒಟ್ಟಿಗೆ ಊಟ."

"ಡಚ್ ಅಪ್ಡೀನ್ನಾ?"

"ಅವರವರ ಊಟಕ್ಕೆ ಅವರವರೇ ಕೊಡೋದು. ಇಂಗ್ಲಿಷಿನವರ ಮಾತು. ಅವರಿಗೆ ಡಚ್ಚರ ಮೇಲೆ ಅದೇನು ಸಿಟ್ಟೋ! ಕುಡಿದ್ರೆ ಬರೋದು ಡಚ್ ಧೈರ್ಯ, ತಲೆಬುಡ ತಿಳಿಯದ್ದು ಡಬಲ್ ಡಚ್."

ಅವನು ನಕ್ಕುಬಿಟ್ಟ. ಆ ನಗುವಿಗೇ ಅವಳು ಸೋತಳು... ಪಾಪ, ಅವಳಿಗೇ ಗೊತ್ತಾಗಲಿಲ್ಲ!

ಎಂಟು ತಿಂಗಳು ಒಂದೇ ಮೇಜು, ಎರಡು ಬಿಲ್ಲು. ಅಷ್ಟರಲ್ಲಿ ಅವಳಿಗೆ ಅಹಮದಾಬಾದಿಗೆ ವರ್ಗವೆಂದು ಪತ್ರ ಬಂತು. ಒಪ್ಪಿಗೆಯೋ ಇಲ್ಲವೋ, ಶುಕ್ರವಾರ ಐದರೊಳಗೆ ತಿಳಿಸಬೇಕು. ಅವನು ಒಂದು ಮಾತು ಹೇಳಿದರೆ ಸಾಕು, ಅವಳು ಇಲ್ಲೇ ಉಳಿದುಬಿಡುತ್ತಿದ್ದಳು.

ಬಾಯಿಬಿಟ್ಟು ಕೇಳುವ ಧೈರ್ಯ ಸಾಲಲಿಲ್ಲ. ಕನ್ನಡದಲ್ಲಿ ನಾಲ್ಕು ಸಾಲು ಬರೆದಳು. ಮನಸ್ಸಿದ್ದರೆ ನಾಳೆ ಅವಳ ಊಟಕ್ಕೂ ಅವನೇ ಕೊಡಬೇಕು, ಅದೇ ಉತ್ತರ. ಚೀಟಿಯನ್ನು ಅವನ ಕೈಗಿಟ್ಟು ಓಡಿಬಂದಳು.

ಗುರುವಾರ ಈಶ್ವರನ್ ತಲೆ ತಗ್ಗಿಸಿ ಉಂಡ. ಎದ್ದವನು ತನ್ನ ಪಾಲನ್ನಷ್ಟೇ ಕೊಟ್ಟು ಹೊರಟುಹೋದ!

'ಬೇಡ ಅಂತ ಬಾಯಲ್ಲಾದ್ರೂ ಹೇಳಬಾರದಿತ್ತಾ...' ಪ್ರಕೃತಿಗೆ ಬೈಯಲೂ ಆಗದು, ಬೇಡಲೂ ಆಗದು. ಎದುರಿನ ಸಾಂಬಾರು ಅನ್ನ ತಣ್ಣಗಾಯಿತು.

ಶುಕ್ರವಾರ, ನಾಲ್ಕೂವರೆ. ವರ್ಗದ ಒಪ್ಪಿಗೆಗೆ ಸಹಿ ಹಾಕಲು ಅವಳು ಪೆನ್ನು ಹಿಡಿದಿದ್ದಳು. ಈಶ್ವರನ್ ಎದುರಿಗೆ ಬಂದು ನಿಂತ. ಕೈಯಲ್ಲಿ ಅದೇ ಚೀಟಿ, ಗ್ರೀಸ್ ಮೆತ್ತಿಕೊಂಡಿತ್ತು.

"ನೀವು ಹೋಗ್ತೀರಂತೆ... ಇದರಲ್ಲಿ ಅದನ್ನೇ ಬರೆದಿದ್ದೀರಾ?"

"ಓದ್ಲೇ ಇಲ್ವಾ ನೀವು?"

"ಓದೋಕೆ ಬರಲ್ಲಾಂಗ." ಅವನು ಚೀಟಿಯನ್ನು ಅವಳತ್ತ ಚಾಚಿದ. "ಮಾತು ಅಮ್ಮ ಕಲಿಸಿದ್ರು. ಪಳ್ಳಿಕೂಡದಲ್ಲಿ ಓದಿದ್ದೆಲ್ಲಾ ತಮಿಳೇ. ಹೇಳೋಕೆ ವೆಟ್ಕ, ನಾಚಿಕೆ ಆಯ್ತು. ಫೋನಿಗೆ ತೋರಿಸ್ದೆ, ಕೋಳಿ ಕೆದರಿದ ಹಾಗಿರೋ ನಿಮ್ಮ ಅಕ್ಷರ ಅದಕ್ಕೂ ತಿಳೀಲಿಲ್ಲ. ಬೇರೆಯವರ ಹತ್ರ ಓದಿಸೋಕೆ ಮನಸು ಬರಲಿಲ್ಲ. ನನಗಿದು ಡಬಲ್ ಡಚ್ಚೇ... ನೀವೇ ಓದಿ."

ಅಯ್ಯೋ ದೇವರೇ! ನಿನ್ನೆ ರಾತ್ರಿಯೆಲ್ಲ ಅತ್ತಿದ್ದು ಇದಕ್ಕಾ? ಈಗ ತಾನು ಬರೆದದ್ದನ್ನು ಅವನ ಮುಂದೆ ತಾನೇ ಓದಬೇಕು. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

"ನಿಮ್ಮನ್ನ ಬಿಟ್ಟು ಹೋಗೋಕೆ ನನ್ನಿಂದ ಆಗಲ್ಲ. ನಿಮಗೂ ಹಾಗೇ ಅನ್ನಿಸಿದ್ರೆ, ನಾಳೆ ನನ್ನ ಊಟಕ್ಕೂ ನೀವೇ ಕೊಡಿ. ಇನ್ನು ಡಚ್ ಬೇಡ..."

ಈಶ್ವರನ್ ತೋಳಿನಿಂದ ಕಣ್ಣೊರೆಸಿಕೊಂಡ. ಮೆಲ್ಲಗೆ ಅವಳ ಕೈಯಿಂದ ಪೆನ್ನು ತೆಗೆದು ತನ್ನ ಜೇಬಿಗೆ ಸಿಕ್ಕಿಸಿಕೊಂಡ.

"ಊಟದ ಹೊತ್ತು ಮುಗೀತಲ್ಲಾ... ಟೀಗೆ ಕೊಟ್ರೆ ಆಗತ್ತಾ?"

"ಆಗಲ್ಲ." ಅವಳು ಅಳುತ್ತಲೇ ನಕ್ಕಳು. "ಬಜ್ಜಿನೂ ಬೇಕು."